ಪ್ರೇಮಕ್ಕನಿಗೆ ನಾನು ಹೇಳದೆ ಉಳಿಸಿದ ಮಾತು

ಪ್ರೇಮಕ್ಕ ಮದುವೆಯಾಗಿ ತಿರುವನಂತಪುರಕ್ಕೆ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಅಷ್ಟೂ ವರ್ಷ ಅವರು ಮುಂದಿನ ವರ್ಷ ತವರು ಮೈಸೂರಿನ ಕಡೆಗೆ ಹೊರಡುವವರೇ ಆಗಿದ್ದರು. ಗಂಡ ಹಯವದನ ರಾಯರು ಬಾಹ್ಯಾಕಾಶ ಕೇಂದ್ರದಲ್ಲಿ ತಾಂತ್ರಿಕ ಅಧಿಕಾರಿ. "ಈ ಸಲ ಬೆಂಗಳೂರಿಗೆ ವರ್ಗ ಆಗೇ ಆಗತ್ತೆ ಕಣೆ" ಎಂದು ಅವರು ಪ್ರತಿ ಏಪ್ರಿಲ್‌ನಲ್ಲೂ ಹೇಳುವರು, ಇವರು ನಂಬುವರು. ಕುಕ್ಕರ್ ಕೊಂಡರೂ ಮಿಕ್ಸಿ ಕೊಂಡರೂ ಅದರ ರಟ್ಟಿನ ಡಬ್ಬವನ್ನು ಎಸೆಯುತ್ತಿರಲಿಲ್ಲ, ಸಾಮಾನು ಕಟ್ಟುವಾಗ ಬೇಕಾಗುತ್ತದಲ್ಲ! ಆ ಖಾಲಿ ಡಬ್ಬಗಳು ಅಟ್ಟ ತುಂಬಿ ಸೂರು ಮುಟ್ಟಿದ್ದವು. ಮಲಯಾಳ ಕಲಿಯದಿದ್ದದ್ದೂ ಅದೇ ಕಾರಣಕ್ಕೆ. "ಬಿಟ್ಟು ಹೋಗೋ ಊರಿನ ಭಾಷೆ ಕಲಿತು ಏನ್ ಮಾಡ್ಲಿ ಹೇಳು?" ಎನ್ನುವರು. ತರಕಾರಿಯವನಿಗೆ, ಆಟೋದವನಿಗೆ, ಗ್ಯಾಸ್ ತರುವವನಿಗೆ ಸಾಕಾಗುವಷ್ಟು ಕಲಿತು ಅಲ್ಲಿಗೇ ನಿಲ್ಲಿಸಿದರು.

ನಾನು ನಿರ್ಮಲ. ಕಾಸರಗೋಡಿನ ಕಡೆಯವಳು. ಮನೆಯಲ್ಲಿ ಕನ್ನಡ, ಬಸ್ಸು ಹತ್ತಿದರೆ ಮಲಯಾಳ, ಎರಡೂ ನನಗೆ ಒಂದೇ. ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷದ ನೌಕರಿ. ಮೊದಲ ಹನ್ನೆರಡು ವರ್ಷ ತಿರುವನಂತಪುರದ ಶ್ರೀಕಾರ್ಯದಲ್ಲಿ ಪ್ರೇಮಕ್ಕನ ಪಕ್ಕದ ಮನೆಯಲ್ಲಿದ್ದೆ. ಆಮೇಲೆ ಕೊಚ್ಚಿಗೆ ವರ್ಗವಾಗಿ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದೆ. ಮದುವೆಗಿದುವೆ ಆಗಲಿಲ್ಲ, ಯಾರೂ ಅದಕ್ಕಾಗಿ ಅತ್ತದ್ದೂ ಇಲ್ಲ.

ಅವರು ಬಂದಾಗಿನಿಂದ ನಾನು ಊರು ಬಿಡುವವರೆಗೆ ಪ್ರೇಮಕ್ಕನ ಬಾಯಿ ಮತ್ತು ಕಿವಿ ಎರಡೂ ನಾನೇ. ಡಾಕ್ಟರ ಹತ್ತಿರ, ರೇಷನ್ ಅಂಗಡಿಯಲ್ಲಿ, ಶಾಲೆಯ ಟೀಚರ ಎದುರು, ಎಲ್ಲೆಲ್ಲೂ ನಾನು ನಡುವೆ. ಈ ಕೆಲಸದಲ್ಲಿ ನನ್ನದೇ ಒಂದು ವರಸೆ ಇತ್ತು. ಒಂದು ಸಲ ಕೆಳಗಿನ ಮನೆಯಲ್ಲೇ ಇದ್ದ ಮಾಲೀಕ ಕೆಂಡಾಮಂಡಲನಾಗಿ ಮೆಟ್ಟಿಲು ಹತ್ತಿ ಬಂದ. ಬೆಳಗಿನ ಆರಕ್ಕೇ ಒರಳಲ್ಲಿ ಚಟ್ನಿಪುಡಿ ಕುಟ್ಟುತ್ತಾಳೆ ಈ ಹೆಂಗಸು, ಇನ್ನೊಂದು ದಿನ ಕುಟ್ಟಿದರೆ ಸಾಮಾನು ಬೀದಿಗೆ ಎಸೆಯುತ್ತೇನೆ ಎಂದು ಅವನ ಮಾತು. "ಏನಂತೆ ಕಣೆ?" ಎಂದು ಕೇಳಿದರು ಪ್ರೇಮಕ್ಕ. "ಅಷ್ಟು ಹೊತ್ತಿಗೇ ಎದ್ದು ಎಂತ ಮಾಡ್ತೀರಿ, ಪರಿಮಳ ಕೆಳಗಿನವರೆಗೆ ಬರ್ತದೆ ಅಂತ ಕೇಳ್ತಾರೆ" ಎಂದೆ. ಪ್ರೇಮಕ್ಕ ಹಿಗ್ಗಿ ಒಂದು ಡಬ್ಬಿ ಚಟ್ನಿಪುಡಿ ತಂದು ಅವನ ಕೈಗಿಟ್ಟರು. ಮನುಷ್ಯ ಪೆಚ್ಚಾಗಿ ಇಳಿದು ಹೋದ. ಆಮೇಲೆ ತಿಂಗಳಿಗೊಮ್ಮೆ ಅವನೇ ಖಾಲಿ ಡಬ್ಬಿ ಕಳಿಸುತ್ತಿದ್ದ. ಹಯವದನ ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕು, "ನಿಮ್ಮನ್ನ ಅಂಚೆ ಇಲಾಖೆಯಲ್ಲಿ ಇಟ್ಟಿದ್ದಾರಲ್ಲಾ, ವಿದೇಶಾಂಗ ಇಲಾಖೆಯಲ್ಲಿ ಇರ್ಬೇಕಿತ್ತು ನೀವು" ಎಂದಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಾನೂ ಬೀಗಿದೆ. ಹಾಳಾದ ಬುದ್ಧಿ ಅಲ್ಲಿಂದಲೇ ಬಲಿಯಿತು.

ಮಗಳು ಸುಪ್ರೀತಾ ಹುಟ್ಟಿದ್ದು ನನ್ನ ಕಣ್ಣೆದುರೇ. ನರ್ಸರಿಗೆ ಹೋಗುವವರೆಗೆ ಕನ್ನಡದ ಗಿಣಿ. ಶಾಲೆ ಸೇರಿದ ಮೇಲೆ ಮಲಯಾಳ ಬಾಯಿಗೆ ಬಂತು, ಕನ್ನಡ ಬಾಯಿಂದ ಇಳಿದು ಕಿವಿಯಲ್ಲಿ ಉಳಿಯಿತು. ಅಮ್ಮ ಹೇಳಿದ್ದು ಒಂದಕ್ಷರ ಬಿಡದೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಇಲ್ಲಿ ಬೆಳೆದ ನಮ್ಮವರ ಮಕ್ಕಳೆಲ್ಲ ಹಾಗೆಯೇ, ಅದರಲ್ಲೇನೂ ಹೊಸದಿಲ್ಲ. ಊಟ, ಫೀಸು, ಛತ್ರಿ, ಕೀಲಿಕೈ, ಇಷ್ಟಕ್ಕೆ ತಾಯಿ ಮಗಳ ನಡುವೆ ಏನೂ ಅಡ್ಡಿಯಿರಲಿಲ್ಲ. ಅದಕ್ಕಿಂತ ಉದ್ದದ ಮಾತನ್ನು ರಾಯರು ನಡುವೆ ಕೂತು ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅವರು ಹೃದಯಾಘಾತದಿಂದ ಹೋದರು. ದಾಟಿಸುವವರು ಇಲ್ಲವಾದರು.

ಸುಪ್ರೀತಾ ಅಷ್ಟರಲ್ಲಿ ಕೊಚ್ಚಿಯಲ್ಲಿ ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರ ಬಿಡಿಸುವ ಕೆಲಸಕ್ಕೆ ಸೇರಿ, ಕಲೂರಿನಲ್ಲಿ ಇನ್ನೊಬ್ಬ ಹುಡುಗಿಯ ಜೊತೆ ಫ್ಲ್ಯಾಟ್ ಹಿಡಿದಿದ್ದಳು. ಭಾನುವಾರ ಕರೆದರೆ ನಮ್ಮ ಮನೆಗೆ ಊಟಕ್ಕೆ ಬರುವಳು. ಬರುಬರುತ್ತಾ ಬರುವುದು ಕಡಿಮೆಯಾಯಿತು. ಬಂದರೂ ಸೆಖೆಯಲ್ಲಿ ಉದ್ದ ತೋಳಿನ ಅಂಗಿ. ನಾನು ಕಣ್ಣಿದ್ದೂ ಕುರುಡಿ.

ಹೋದ ವರ್ಷ ಮಾರ್ಚ್‌ನಲ್ಲಿ ಅವಳು ಆಫೀಸಿನಲ್ಲೇ ಬಿದ್ದಳು. ಜೊತೆಯ ಹುಡುಗಿ ನನಗೆ ಫೋನ್ ಮಾಡಿದಳು. ಆಸ್ಪತ್ರೆಗೆ ಓಡಿದರೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ತೋಳಿನ ಮೇಲಿನ ಸೂಜಿ ಗುರುತು ತೋರಿಸಿದರು. ಹೆಚ್ಚು ವಿವರಿಸುವ ಅಗತ್ಯ ಇರಲಿಲ್ಲ. ನಾನು ಹೊರಗೆ ಬಂದು ಪ್ರೇಮಕ್ಕನಿಗೆ ಫೋನ್ ಮಾಡಿ, "ಎಂತದೂ ಇಲ್ಲ, ಸ್ವಲ್ಪ ನಿಶ್ಶಕ್ತಿ, ಗ್ಲೂಕೋಸ್ ಹಾಕಿದ್ದಾರೆ" ಎಂದೆ. ನಿಜ ಹೇಳಲು ನನಗೆ ಒಂಬತ್ತು ದಿನ ಬೇಕಾಯಿತು.

ಹೇಳಿದ ದಿನವೇ ಪ್ರೇಮಕ್ಕ ರೈಲು ಹತ್ತಿ ಬಂದರು. ನಮ್ಮ ಮನೆಯ ಬಾಗಿಲಲ್ಲೇ ಚೀಲ ಇಟ್ಟು ಕುಸಿದು ಕೂತು, "ನಮ್ಮ ವಂಶದಲ್ಲಿ ಎಲೆಅಡಿಕೆ ಹಾಕಿದವರೂ ಇಲ್ವಲ್ಲೇ ನಿಮ್ಮಿ! ಯಾವ ಜನ್ಮದ ಪಾಪನೇ ಇದು!" ಎಂದು ತಲೆ ಚಚ್ಚಿಕೊಂಡರು. ಒಳಗೆ ಮಂಚದ ಮೇಲೆ ಮಲಗಿದ್ದ ಸುಪ್ರೀತಾ ಅದನ್ನು ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿದಳು.

ಚಟ ಬಿಡಿಸಲು ಯಾವ ಜಾಗಕ್ಕೆ ಸೇರಿಸುವುದು ಎಂಬ ಹುಡುಕಾಟ ಮರುದಿನದಿಂದ ಶುರುವಾಯಿತು. ಇಂಥದಕ್ಕೆ ಜಾಗ ಹುಡುಕುವಾಗ ಏನು ಕೇಳಬೇಕು ಎಂದು ಯಾರಿಗೆ ಗೊತ್ತಿರುತ್ತದೆ? ಪ್ರೇಮಕ್ಕನ ಪ್ರಶ್ನೆ ಮೂರೇ. ಸಸ್ಯಾಹಾರ ಇದೆಯಾ, ಕನ್ನಡ ಬಲ್ಲವರು ಇದ್ದಾರಾ, ಹೊರಗೆ ಬೋರ್ಡು ಹಾಕಿದ್ದಾರಾ? ಬೋರ್ಡು ಇದ್ದರೆ ಬೇಡ. ಹುಡುಗಿಗೆ ಇಪ್ಪತ್ತಾರು, ನಾಳೆ ಯಾರಾದರೂ ನೋಡಿದವರು ಬಾಯಿ ಬಿಟ್ಟರೆ?

ಮೊದಲು ಹೋದದ್ದು ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ಡಾಕ್ಟರು ಒಳ್ಳೆಯವರು, ಆದರೆ ಹೆಂಗಸರಿಗೆ ಇದ್ದದ್ದು ಎರಡೇ ಮಂಚ, ಎರಡೂ ಭರ್ತಿ. ಪಡಸಾಲೆಯಲ್ಲಿ ನನ್ನ ಪಕ್ಕ ಕೂತಿದ್ದ ಜುಬೈದಾ ಎಂಬಾಕೆಯ ಮಗ ಮೂರನೇ ಸಲ ಸೇರಿದ್ದನಂತೆ. ನಾವು ತಡವರಿಸುವುದನ್ನು ನೋಡಿ ಅವರೇ ಮಾತು ತೆಗೆದರು. "ಫ್ಯಾನು, ಹಾಸಿಗೆ ನೋಡಬೇಡಿ. ಹೊರಗೆ ಬಂದ ಮೇಲೆ ಯಾರು ನೋಡಿಕೊಳ್ತಾರೆ ಅಂತ ಕೇಳಿ. ನಾನು ಮೊದಲೆರಡು ಸಲ ಕೇಳಲಿಲ್ಲ" ಎಂದರು. ನಾನು ಅದನ್ನು ಪ್ರೇಮಕ್ಕನಿಗೆ ಹೇಳುವಾಗ ಮೂರನೇ ಸಲ ಎಂಬುದನ್ನು ಬಿಟ್ಟು ಹೇಳಿದೆ. ಹೆದರಿಯಾರು ಎಂದು. ಅಷ್ಟರಲ್ಲಿ ನಮ್ಮ ಆಫೀಸಿನವರೊಬ್ಬರು ದೂರದಲ್ಲಿ ಕಂಡರು, ಪ್ರೇಮಕ್ಕ ಸೆರಗು ಮುಖಕ್ಕೆ ಎಳೆದುಕೊಂಡು ಎದ್ದೇಬಿಟ್ಟರು.

ಎರಡನೆಯದು ಆಲುವದಲ್ಲಿ, ಹೊಳೆಯ ಹತ್ತಿರ. ಮೆಟ್ರೋದ ಈ ತುದಿಯಿಂದ ಆ ತುದಿಗೆ ಹೋದೆವು. ಬೋರ್ಡಿನಲ್ಲಿ ಎಲೆಯ ಚಿತ್ರ, ಕೆಳಗೆ 'ವೆಲ್‌ನೆಸ್' ಎಂದು ಮಾತ್ರ. ಎಣ್ಣೆಸ್ನಾನ, ಯೋಗ, ಗಂಜಿ, ಇಪ್ಪತ್ತೊಂದು ದಿನ. ಪ್ರೇಮಕ್ಕನಿಗೆ ನೋಡಿದ ಕೂಡಲೇ ಹಿಡಿಸಿತು. ಅಡುಗೆಯವನು ಉಡುಪಿಯ ಕಡೆಯವನು ಎಂದು ಗೊತ್ತಾದ ಮೇಲಂತೂ ಕೇಳುವುದೇ ಬೇಡ. "ಹೊರಗೆ ಬಂದ ಮೇಲೆ?" ಎಂದು ನಾನು ಜುಬೈದಾ ಹೇಳಿಕೊಟ್ಟ ಪ್ರಶ್ನೆ ಕೇಳಿದೆ. ಅಲ್ಲಿಯ ಮ್ಯಾನೇಜರು ನಕ್ಕು, "ಆಮೇಲೆ ಮನೆಯವರ ಪ್ರೀತಿ ಇದೆಯಲ್ಲ ಅಕ್ಕಾ" ಎಂದ. ಆ ಉತ್ತರವನ್ನು ಮಾತ್ರ ನಾನು ಇದ್ದ ಹಾಗೆಯೇ ಕನ್ನಡಕ್ಕೆ ತಂದೆ.

ಮೂರನೆಯದು ತಿರುವನಂತಪುರದಲ್ಲೇ, ಹೆಂಗಸರಿಗೆಂದೇ ಇರುವ ಒಂದು ಸಣ್ಣ ಮನೆ. ಸುಪ್ರೀತಾಳ ಡಾಕ್ಟರೇ ಹೇಳಿದ್ದು. ಅಲ್ಲಿ ಸಲಹೆಗಾರ್ತಿ ಜಾಯ್ಸ್ ಎಂದು, ನನ್ನ ವಯಸ್ಸಿನವರು, ಬಿಳಿ ಹತ್ತಿ ಸೀರೆ, ಗಟ್ಟಿ ಧ್ವನಿ. ಮೂರು ತಿಂಗಳು ಅಲ್ಲೇ ಇರಬೇಕು, ವಾರಕ್ಕೆರಡು ದಿನ ಡಾಕ್ಟರು ಬರುತ್ತಾರೆ, ಪ್ರತಿ ಗುರುವಾರ ಮನೆಯವರು ಬಂದು ಜೊತೆಯಲ್ಲಿ ಕೂರಬೇಕು, ಬಿಡುಗಡೆಯಾದ ಮೇಲೂ ಒಂದು ವರ್ಷ ಗುರುವಾರ ತಪ್ಪಿಸುವಂತಿಲ್ಲ. ಹೊರಗೆ ದೊಡ್ಡ ಬೋರ್ಡು, ಲಹರಿ, ಎಂದರೆ ಅಮಲು, ಬಿಡಿಸುವ ಜಾಗವೆಂದು ಕೆಂಪಕ್ಷರದಲ್ಲಿ. ಪ್ರೇಮಕ್ಕ ಗೇಟಿನಲ್ಲೇ ಎರಡು ನಿಮಿಷ ನಿಂತರು.

ಜಾಯ್ಸ್ ಮೊದಲು ಸುಪ್ರೀತಾ ಒಬ್ಬಳನ್ನೇ ಒಳಗೆ ಕರೆದು ಒಂದೂವರೆ ಗಂಟೆ ಮಾತಾಡಿದರು. ಆಮೇಲೆ ನಮ್ಮಿಬ್ಬರನ್ನೂ ಕರೆದರು. ನಮಗೆ ಮೂರು ಬೆತ್ತದ ಕುರ್ಚಿ, ಮೇಜಿನ ಮೇಲೆ ನೀರಿನ ಹೂಜಿ. ತಾಯಿಗೆ ಮಲಯಾಳ ಸ್ವಲ್ಪವೇ ಬರುವುದೆಂದು ತಿಳಿದು, ನಾನು ಹೇಳಿಕೊಡಬಹುದೇ ಎಂದು ಕೇಳಿದರು. ಕೇಳಬೇಕೇ? ನನ್ನ ಹುಟ್ಟುಗುಣ ಅದೇ! ಜಾಯ್ಸ್ ಸುಪ್ರೀತಾಳ ಕಡೆ ತಿರುಗಿ, "ನನಗೆ ಹೇಳಿದ್ದನ್ನು ಅಮ್ಮನಿಗೆ ನೀನೇ ಹೇಳು. ಅವರು ಕೇಳಲಿ. ಆಮೇಲೆ ನಿರ್ಧಾರ ಮಾಡೋಣ" ಎಂದರು.

ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂದು ಬಾಯಲ್ಲಿ ಹೇಳಬೇಕಾಗಿದ್ದದ್ದು ಇದೇ.

"ಅಮ್ಮಾ, ಅಪ್ಪ ಹೋದ ಕೆಲವು ತಿಂಗಳಿಗೆ ಶುರುವಾದದ್ದು. ಮೊದಲು ಪುಡಿ, ಈಗ ಸೂಜಿ. ಎರಡು ಸಲ ಜಾಸ್ತಿ ತಗೊಂಡಿದ್ದೇನೆ. ಒಂದು ಸಲ ಗೊತ್ತಾಗದೆ. ಇನ್ನೊಂದು ಸಲ ಗೊತ್ತಿದ್ದೇ. ಆಲುವದ ಇಪ್ಪತ್ತೊಂದು ದಿನಕ್ಕೆ ನನ್ನದು ಹೋಗುವುದಿಲ್ಲ. ನನ್ನ ಜೊತೆಯವರನ್ನು ನೋಡಿದ್ದೇನೆ. ಮೂರು ವಾರಕ್ಕೆ ಮೈ ಬಿಡುತ್ತದೆ, ತಲೆ ಬಿಡುವುದಿಲ್ಲ. ಹೊರಗೆ ಬಂದು ಒಂದು ದಿನ ಮೊದಲಿನಷ್ಟೇ ತಗೊಂಡರೆ ಸತ್ತು ಹೋಗುತ್ತೇನೆ. ಮನೆಗೂ ಕರೆದುಕೊಂಡು ಹೋಗಬೇಡ. ಆ ಮನೆಯಲ್ಲಿ ನನಗೆ ಮಾತಾಡಲು ಯಾರೂ ಇಲ್ಲ. ಅಪ್ಪ ಸತ್ತ ದಿನ ನಿನ್ನ ಹತ್ತಿರ ಬಂದು ಏನೋ ಹೇಳಿದೆ. ನೀನು 'ಕನ್ನಡದಲ್ಲಿ ಹೇಳೇ' ಅಂದೆ. ನನಗೆ ಬರಲಿಲ್ಲ. ಹೋಗಿ ಬಾತ್‌ರೂಮಿನಲ್ಲಿ ಕೂತೆ. ನನ್ನನ್ನು ಇಲ್ಲೇ ಇಡು ಅಮ್ಮಾ. ಗುರುವಾರ ಗುರುವಾರ ಬಾ. ಇಲ್ಲಿ ಇವರು ನಡುವೆ ಕೂರುತ್ತಾರೆ."

ಹೇಳುತ್ತಾ ಅವಳು ಅಳಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಮಾತು ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

ನಾನು ಪ್ರೇಮಕ್ಕನನ್ನು ನೋಡಿದೆ. ಸಕ್ಕರೆ ಕಾಯಿಲೆಯವರು, ಬೆಳಗಿಂದ ಏನೂ ತಿಂದಿರಲಿಲ್ಲ. ಗಂಡ ಸತ್ತ ದಿನ ತಾನು ಆಡಿದ ಆ ಎರಡು ಪದ ಇವರಿಗೆ ಗೊತ್ತಾದರೆ ಇಲ್ಲೇ ಹೋಗಿಬಿಡುತ್ತಾರೆ ಅನ್ನಿಸಿತು. ನನ್ನ ನಾಲಿಗೆ ಎಂದಿನ ದಾರಿ ಹಿಡಿಯಿತು. "ಮೂರು ವರ್ಷದಿಂದ ಸ್ವಲ್ಪ ಸ್ವಲ್ಪ ಅಭ್ಯಾಸ ಆಗಿಹೋಗಿದೆಯಂತೆ ಪ್ರೇಮಕ್ಕ. ಈಗ ಅವಳಿಗೇ ಸಾಕಾಗಿದೆ. ಬಿಡಬೇಕು ಅಂತ ಮನಸ್ಸುಂಟು. ಅಪ್ಪನ ನೆನಪು ತುಂಬಾ ಆಗ್ತದಂತೆ. ನಿಮಗೆ ಕಷ್ಟ ಕೊಟ್ಟೆ ಅಂತ ಬೇಸರ ಅವಳಿಗೆ. ಇಲ್ಲಿ ಕೆಲವು ದಿನ ಇದ್ರೂ ಆಗ್ತದೆ ಅಂತಾಳೆ."

ಅಷ್ಟು ದೊಡ್ಡ ಮಾತು ನನ್ನ ಬಾಯಲ್ಲಿ ಇಷ್ಟಾಯಿತು. ಮೂವತ್ತೊಂದು ವರ್ಷ ಊರವರ ಕಾಗದ ವಿಂಗಡಿಸಿದವಳು ನಾನು, ಒಂದು ಲಕೋಟೆಯನ್ನೂ ಒಡೆದು ನೋಡಿದವಳಲ್ಲ. ಅಂದು ಒಡೆದು, ಒಳಗಿದ್ದದ್ದನ್ನು ಹರಿದು, ಬೇರೆ ಬರೆದು ಕೊಟ್ಟೆ.

ಪ್ರೇಮಕ್ಕನ ಮುಖಕ್ಕೆ ರಕ್ತ ಬಂತು. "ಬಿಡ್ತೀನಿ ಅಂತ ಅವಳೇ ಅಂದ್ಲಾ? ದೇವರು ದೊಡ್ಡವನು! ಹಾಗಾದ್ರೆ ಮೂರು ತಿಂಗಳು ಯಾಕಮ್ಮ ಈ ಬೋರ್ಡಿನ ಕೆಳಗೆ? ಆಲುವದಲ್ಲೇ ಸೇರಿಸೋಣ. ಇಪ್ಪತ್ತೊಂದು ದಿನ ಆದ್ಮೇಲೆ ಮನೆಗೆ ಬರ್ಲಿ, ಕೈತುತ್ತು ಹಾಕಿ ನೋಡ್ಕೋತೀನಿ ನನ್ನ ಮಗಳನ್ನ."

ಜಾಯ್ಸ್‌ಗೆ ಅರ್ಥವಾದದ್ದು ಆಲುವ ಎಂಬ ಹೆಸರು ಒಂದೇ. ಅವರ ಹುಬ್ಬು ಗಂಟಾಯಿತು. "ಇಷ್ಟೆಲ್ಲ ಕೇಳಿದ ಮೇಲೂ ಕರೆದುಕೊಂಡು ಹೋಗುತ್ತಾರಾ?" ಎಂದು ನನ್ನನ್ನು ಕೇಳಿದರು. ಆಗಲಾದರೂ ನಿಜ ಹೇಳಬಹುದಿತ್ತು. ನನ್ನ ಹಿರಿತನ ಅಡ್ಡ ಬಂತು. "ತಾಯಿಯಲ್ಲವೇ, ಮನಸ್ಸು ಕೇಳುವುದಿಲ್ಲ" ಎಂದೆ ಮಲಯಾಳದಲ್ಲಿ. ಆ ಕಡೆಗೊಂದು ಸುಳ್ಳು, ಈ ಕಡೆಗೊಂದು ಸುಳ್ಳು.

ಜಾಯ್ಸ್ ಸುಪ್ರೀತಾಳಿಗೆ ಹೇಳಿದರು: "ನೀನು ವಯಸ್ಸಿಗೆ ಬಂದವಳು. ಯಾರ ಒಪ್ಪಿಗೆಯೂ ಬೇಕಿಲ್ಲ. ನೀನು ಹೂಂ ಅಂದರೆ ಇವತ್ತೇ ಇಲ್ಲಿ ಇಟ್ಟುಕೊಳ್ಳುತ್ತೇನೆ."

ಸುಪ್ರೀತಾ ನನ್ನನ್ನೇ ನೋಡುತ್ತಿದ್ದಳು. ಆಗ ನನಗೆ ಹೊಳೆಯಿತು. ಈ ಹುಡುಗಿಗೆ ಕನ್ನಡ ಗೊತ್ತು! ನಾನು ಹೇಳಿದ್ದೆಲ್ಲವೂ, ಬಿಟ್ಟದ್ದೆಲ್ಲವೂ ಅವಳಿಗೆ ಗೊತ್ತಾಗಿದೆ. ಹುಟ್ಟಿದಾಗಿಂದ ನೋಡಿದವಳು ನಾನು, ಅವಳು ಮಲಯಾಳ ಮಾತಾಡಿದಳೆಂದು ಮನೆ ಮಾಲೀಕನ ಸಾಲಿಗೆ ಅವಳನ್ನೂ ಸೇರಿಸಿಬಿಟ್ಟಿದ್ದೆ. ಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಅವಳು ಒಮ್ಮೆ ಹೊರಗೆ ಹಾಕಿದ್ದಳು. ಅದು ಅಮ್ಮನ ಕಿವಿಗೆ ಏನಾಗಿ ಹೋಯಿತೆಂದು ಎದುರೇ ಕೂತು ಕೇಳಿದ್ದಳು.

ಅವಳು ಅಮ್ಮನ ಕಡೆ ತಿರುಗಿದಳು. ನಿಧಾನವಾಗಿ, ಒಂದೊಂದೇ ಪದ ಹುಡುಕಿ, ಕನ್ನಡದಲ್ಲಿ ಹೇಳಿದಳು. "ಆಂಟಿ ಹೇಳಿದ್ದು ಸರಿ ಅಮ್ಮಾ."

ಪ್ರೇಮಕ್ಕ ಕುರ್ಚಿಯಿಂದ ಎದ್ದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. "ಕೇಳಿದ್ಯೇನೆ ನಿಮ್ಮಿ? ಕನ್ನಡದಲ್ಲಿ ಹೇಳಿದ್ಲು! ನನ್ನ ಬಂಗಾರ ಕನ್ನಡದಲ್ಲಿ ಮಾತಾಡಿದ್ಲು!" ಜಾಯ್ಸ್ ನನ್ನನ್ನು ಕೇಳಿದರು, ಏನೆಂದಳು ಎಂದು. ಆಲುವಕ್ಕೆ ಹೋಗಲು ಒಪ್ಪಿದ್ದಾಳೆ ಎಂದೆ. ಅವರು ಕಾಗದ ಮಡಚಿ ಪಕ್ಕಕ್ಕಿಟ್ಟರು. ಎದ್ದು ಹೊರಡುವಾಗ ತಮ್ಮ ನಂಬರು ಬರೆದ ಚೀಟಿಯನ್ನು ಸುಪ್ರೀತಾಳ ಕೈಗೆ ಕೊಟ್ಟು, "ಯಾವ ಹೊತ್ತಾದರೂ ಸರಿ, ಫೋನ್ ಮಾಡು" ಎಂದರು.

ಕೊಚ್ಚಿಗೆ ಬರುವ ರೈಲಿನಲ್ಲಿ ಪ್ರೇಮಕ್ಕ ಆ ಒಂದು ವಾಕ್ಯವನ್ನು ಹತ್ತು ಸಲವಾದರೂ ಹೇಳಿರಬೇಕು. ಕೊಲ್ಲಂ ದಾಟುವಾಗ ಅವರಿಗೆ ಜೊಂಪು ಹತ್ತಿತು. ನಾನು ಸುಪ್ರೀತಾಳ ಪಕ್ಕಕ್ಕೆ ಸರಿದು, "ಮಗಳೇ, ನನ್ನಿಂದ ತಪ್ಪಾಯಿತು. ಅಮ್ಮನ ಆರೋಗ್ಯ ನೋಡಿ ಹಾಗೆ ಹೇಳಿಬಿಟ್ಟೆ. ಸಮಯ ನೋಡಿ ನಾನೇ ಎಲ್ಲ ಬಿಡಿಸಿ ಹೇಳ್ತೇನೆ" ಎಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಸಾರಮಿಲ್ಲ ಆಂಟಿ" ಎಂದಳು. ಪರವಾಗಿಲ್ಲ ಎಂದು ಅರ್ಥ. ಬೈದಿದ್ದರೆ ಚೆನ್ನಾಗಿತ್ತು.

ಆಲುವದಲ್ಲಿ ಇಪ್ಪತ್ತೊಂದು ದಿನ ಅವಳು ಹೇಳಿದ್ದನ್ನೆಲ್ಲ ಮಾಡಿದಳು. ಎಣ್ಣೆ ಹಚ್ಚಿಸಿಕೊಂಡಳು, ಗಂಜಿ ಕುಡಿದಳು, ಯೋಗ ಮಾಡಿದಳು. ಮಾತಾಡುವ ಹೊತ್ತಿನಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲವಂತೆ. ಅಲ್ಲಿಯವರು ಅದನ್ನು ಸಾಧು ಸ್ವಭಾವ ಎಂದು ಹೊಗಳಿದರು. ಪ್ರೇಮಕ್ಕ ನಮ್ಮ ಮನೆಯಲ್ಲೇ ಉಳಿದು, ದಿನಾ ಮೆಟ್ರೋದಲ್ಲಿ ಆಲುವಕ್ಕೆ ಹೋಗಿ, ಗೇಟಿನ ಹತ್ತಿರ ನಿಂತು, ದೂರದಿಂದ ಮಗಳನ್ನು ನೋಡಿ ಬರುತ್ತಿದ್ದರು. ಸಂಜೆ ಬಂದು, "ಕೆನ್ನೆ ತುಂಬ್ಕೊಂಡಿದೆ ಕಣೆ" ಎನ್ನುವರು. ನಾನು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ಆ ಕೆನ್ನೆಯ ಮಾತು ಕೇಳಿದ ಮೇಲೆ ಯಾವ ಬಾಯಲ್ಲಿ ಹೇಳಲಿ? ಇಪ್ಪತ್ತೊಂದು ಸಂಜೆಯೂ ಹಾಗೆಯೇ ಹೋದವು.

ಬಿಡುಗಡೆಯಾದ ಮೇಲೆ ಸುಪ್ರೀತಾ ಅಮ್ಮನ ಜೊತೆ ಶ್ರೀಕಾರ್ಯದ ಮನೆಗೆ ಹೋದಳು. ಐದು ವಾರ ಇದ್ದಳು. ಊಟ, ನಿದ್ದೆ, ಟೀವಿ. ಪ್ರೇಮಕ್ಕ ಫೋನಿನಲ್ಲಿ, "ಗಲಾಟೆ ಇಲ್ಲ, ಏನೂ ಇಲ್ಲ, ಬೆಣ್ಣೆಯಂಥ ಮಗು" ಎನ್ನುವರು. ಆಮೇಲೆ ಆಫೀಸಿನವರು ಕರೆದರು, ಕಲೂರಿಗೆ ವಾಪಸ್ಸು ಬಂದಳು. ಬಂದ ಶನಿವಾರ ನಮ್ಮ ಮನೆಯಲ್ಲಿ ಊಟ ಮಾಡಿ, ತಟ್ಟೆ ತಾನೇ ತೊಳೆದಿಟ್ಟು ಹೋದಳು. ಮಂಗಳವಾರ ಬೆಳಿಗ್ಗೆ ಜೊತೆಯ ಹುಡುಗಿಯ ಫೋನು ಬಂತು. ಈ ಸಲ ಆಸ್ಪತ್ರೆಗೆ ಓಡುವ ಅವಸರ ಇರಲಿಲ್ಲ.

ಡಾಕ್ಟರು ಹೇಳಿದ್ದು ಅವಳು ಆ ಬೆತ್ತದ ಕುರ್ಚಿಯಲ್ಲಿ ಕೂತು ಹೇಳಿದ್ದೇ. ಇಷ್ಟು ದಿನ ಬಿಟ್ಟಿದ್ದ ಮೈ ಮೊದಲಿನ ಅಳತೆಯನ್ನು ತಡೆಯಲಿಲ್ಲ. ಗೊತ್ತಾಗದೆ ತಗೊಂಡಳೋ ಗೊತ್ತಿದ್ದೇ ತಗೊಂಡಳೋ, ಅದನ್ನು ಹೇಳಬಲ್ಲವಳು ಅವಳೊಬ್ಬಳೇ. ಪರ್ಸಿನಲ್ಲಿ ಜಾಯ್ಸ್ ಕೊಟ್ಟ ಚೀಟಿ ಹಾಗೇ ಇತ್ತು.

ಹದಿಮೂರು ದಿನದ ಕರ್ಮ ಮುಗಿಯಿತು. ಮೈಸೂರಿನ ತಮ್ಮ ಬಂದು, ನಡಿ ಅಕ್ಕ ಊರಿಗೆ ಎಂದರೆ ಪ್ರೇಮಕ್ಕ ಹೋಗಲಿಲ್ಲ. ಅಟ್ಟದ ಮೇಲಿನ ರಟ್ಟಿನ ಡಬ್ಬಗಳನ್ನೆಲ್ಲ ಗುಜರಿಯವನಿಗೆ ಕೊಟ್ಟರಂತೆ. ಅದಾಗಿ ಎರಡು ತಿಂಗಳಿಗೆ ನನಗೆ ಫೋನ್ ಮಾಡಿ, "ಒಂದ್ಸಲ ಬಂದು ಹೋಗು ನಿಮ್ಮಿ, ಕೇಳೋದಿದೆ" ಎಂದರು. ಧ್ವನಿಯಲ್ಲಿ ಏನೂ ಇರಲಿಲ್ಲ. ಮರುದಿನ ಬೆಳಗಿನ ರೈಲು ಹಿಡಿದೆ.

ಮನೆ ಗುಡಿಸಿ ಚೊಕ್ಕಟವಾಗಿತ್ತು. ಗೋಡೆಯ ಮೇಲೆ ರಾಯರ ಪಕ್ಕದಲ್ಲಿ ಸುಪ್ರೀತಾ. ಪ್ರೇಮಕ್ಕ ಕಾಫಿ ತಂದಿಟ್ಟು ಎದುರು ಕೂತರು. "ಮೊನ್ನೆ ಆ ಜಾಯ್ಸ್ ಬಂದಿದ್ರು. ನನ್ನ ಕೈ ಹಿಡ್ಕೊಂಡು, ಮೆತ್ತಗೆ, ನನಗೆ ತಿಳಿಯೋ ಹಾಗೆ ಬಿಡಿಸಿ ಬಿಡಿಸಿ ಹೇಳಿದ್ರು. ಅವತ್ತು ಅವಳು ಅಷ್ಟೆಲ್ಲ ಹೇಳಿದ ಮೇಲೂ ಯಾಕೆ ಕರ್ಕೊಂಡು ಹೋದ್ರಿ ಅಮ್ಮಾ ಅಂತ. ಅಷ್ಟೆಲ್ಲ ಅಂದ್ರೆ ಎಷ್ಟು ನಿಮ್ಮಿ? ನೀನು ಹೇಳಿದ್ದು ಇಷ್ಟೇ ಇತ್ತಲ್ಲ."

ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ನನ್ನ ಸಕ್ಕರೆ ಕಾಯಿಲೆ ನೋಡ್ಬೇಡ. ಮುಖ ನೋಡ್ಬೇಡ. ಅವಳು ಹೇಳಿದ್ದನ್ನ ಅವಳು ಹೇಳಿದ ಹಾಗೇ ಹೇಳು."

ಹೇಳಿದೆ. ಈ ಸಲ ಒಂದು ಪದವನ್ನೂ ಒತ್ತರಿಸಲಿಲ್ಲ. ಸೂಜಿ ಹೇಳಿದೆ, ಎರಡು ಸಲದ್ದು ಹೇಳಿದೆ, ಗೊತ್ತಿದ್ದೇ ಎಂಬುದನ್ನೂ ಹೇಳಿದೆ. 'ಕನ್ನಡದಲ್ಲಿ ಹೇಳೇ' ಎಂಬಲ್ಲಿಗೆ ಬಂದಾಗ ನನ್ನ ಧ್ವನಿ ನಿಂತಿತು, ಅವರು "ಹೂಂ, ಮುಂದೆ" ಎಂದರು. ಬಾತ್‌ರೂಮು ಹೇಳಿದೆ, ಗುರುವಾರ ಹೇಳಿದೆ. ಮುಗಿದ ಮೇಲೆ ನಾನೇ ಹೋ ಎಂದು ಅತ್ತುಬಿಟ್ಟೆ. "ನಿಮಗೆ ನೋವಾಗ್ತದೆ ಅಂತ, ಪ್ರೇಮಕ್ಕ, ನಿಮಗೆ ತಡ್ಕೊಳ್ಳಲಿಕ್ಕೆ ಆಗುದಿಲ್ಲ ಅಂತ..."

ಅವರು ಅಳಲಿಲ್ಲ. ಕಾಫಿಯ ಲೋಟವನ್ನು ಸುತ್ತಿಸುತ್ತಾ ಕೂತಿದ್ದರು. ಲೋಟ ಕೆಳಗಿಟ್ಟು ಹೇಳಿದರು.

"ಚತ್ತುಪೋಕುಂ ಅಂದ್ಲು ಅವಳು. ಅದು ನನಗೂ ಕೇಳಿಸ್ತು ಕಣೆ. ಸತ್ತು ಹೋಗೋದು ಅಂತ ತಾನೆ? ಇಪ್ಪತ್ತೊಂಬತ್ತು ವರ್ಷ ಇದ್ದೀನಿ ಇಲ್ಲಿ, ಅಷ್ಟು ತಿಳಿಯಲ್ವಾ? ನಿನ್ನ ಕಡೆ ನೋಡ್ದೆ. ನೀನು ಆ ಮಾತು ಹೇಳ್ಲಿಲ್ಲ. ಹೇಳ್ಲಿಲ್ಲ ಅಂದ್ಮೇಲೆ ಇರಲ್ಲ ಬಿಡು ಅಂದ್ಕೊಂಡೆ. ನಂಗೂ ಅದೇ ಬೇಕಾಗಿತ್ತು. ನಿನ್ನೊಬ್ಬಳ ಮೇಲೆ ಹಾಕಲ್ಲ ನಾನು."

ನಾನು ಅವರ ಕಾಲು ಹಿಡಿಯಲು ಹೋದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಗೋಡೆಯ ಮೇಲಿನ ಮಗಳ ಕಡೆ ನೋಡುತ್ತಾ, ನನಗಲ್ಲ ಎಂಬಂತೆ ಹೇಳಿದರು.

"ಇಪ್ಪತ್ತು ವರ್ಷ ಕಾದೆ, ನನ್ನ ಹತ್ತಿರ ಕನ್ನಡದಲ್ಲಿ ಒಂದು ಮಾತಾಡ್ಲಿ ಅಂತ. ಒಂದೇ ಒಂದು ಆಡಿದ್ಲು. ಅದೂ ಸುಳ್ಳು."